ಮೂತ್ರದ ಕೊಳವೆ ಹಾಕುವ ಕೈಗಳಿಗೆ ತರಬೇತಿ ಕೋರಿ ಮನವಿ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು.

ಮಾನ್ಯರೇ,

ಪ್ರಾಸ್ಟೇಟ್ ಗ್ರಂಥಿ ಊದಿ, ಮೂತ್ರ ಕಟ್ಟಿಕೊಂಡು ನರಳುವ ಹಿರಿಯರನ್ನು ಮನೆಯವರು ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕರೆತರುತ್ತಾರೆ. ಆಗ ಬೇಕಾದದ್ದು ಒಂದು ಕ್ಯಾಥೆಟರ್, ಅದನ್ನು ಹಾಕಬಲ್ಲ ಒಂದು ನುರಿತ ಕೈ. ಈ ಮನವಿ ಆ ಕೈಯನ್ನು ಕುರಿತದ್ದು.

ಮನವಿದಾರರು ಸರ್ಕಾರಿ ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳು ಮತ್ತು ಹೊಸದಾಗಿ ಸೇವೆಗೆ ಸೇರಿದ ವೈದ್ಯರು. ಹೆಣ್ಣು ರೋಗಿಗೆ ಸಿಸ್ಟರ್, ಗಂಡು ರೋಗಿಗೆ ಬ್ರದರ್ ಇಲ್ಲವೆ ಇಂಟರ್ನ್ ಎಂಬ ವಾರ್ಡಿನ ವಾಡಿಕೆಯಿಂದ ಅವರಲ್ಲಿ ಅನೇಕರದು ಅರ್ಧ ಕಲಿಕೆ. ಬ್ರದರ್ ರಜೆಯಲ್ಲಿರುವ ರಾತ್ರಿ ಉಳಿದರ್ಧದ ಬೆಲೆ ತೆರುವವರು ರೋಗಿ.

ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಬಲೂನಿನ ಕೊಳವೆಯೇ ಇಂದಿಗೂ ಬಳಕೆಯಲ್ಲಿದೆ. ಫ್ರೆಂಚ್ ಮಾಪನದಲ್ಲಿ 16ರ ಅಳತೆಯದ್ದು 5 ಮಿಲಿಮೀಟರಿಗಿಂತ ತುಸು ದಪ್ಪ. ಗಂಡಸರಲ್ಲಿ ಅದನ್ನು ಕೊಳವೆಯ ಹೊರತುದಿಯ ಕವಲಿನ ತನಕ ಒಳಗೆ ಬಿಟ್ಟು, ಮೂತ್ರ ಹರಿದು ಬಂದದ್ದನ್ನು ಕಂಡ ಮೇಲೆಯೇ ಬಲೂನಿಗೆ ನೀರು ತುಂಬಬೇಕು. ಅವಸರಪಟ್ಟು ಮೂತ್ರನಾಳದಲ್ಲೇ ಬಲೂನು ಉಬ್ಬಿಸಿದರೆ ನಾಳ ಹರಿದು ರಕ್ತ ಬರುತ್ತದೆ. ಗಾಯ ಮಾಗುವಾಗ ನಾಳ ಕಿರಿದಾಗಿ ರೋಗಿ ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಯಬೇಕಾದೀತು. ಅರಿವಳಿಕೆ ಜೆಲ್ಲಿ ಹಾಕಿ ಕೆಲವು ನಿಮಿಷ ಕಾಯಬೇಕು, ತಡೆ ಸಿಕ್ಕಲ್ಲಿ ಒತ್ತದೆ ನಿಲ್ಲಿಸಬೇಕು ಎಂಬುದನ್ನೆಲ್ಲ ಪಠ್ಯಪುಸ್ತಕ ಹೇಳುತ್ತದೆ. ಆದರೆ ತಡೆ ಹೇಗೆ ತಾಗುತ್ತದೆಂದು ಬೆರಳೇ ಕಲಿಯಬೇಕು.

ಕೊಳವೆ ಒಳಗೆ ಉಳಿದಷ್ಟು ದಿನ ಸೋಂಕಿನ ಅಪಾಯವೂ ಬೆಳೆಯುತ್ತದೆ. ಅಗತ್ಯವಿದ್ದರಷ್ಟೇ ಹಾಕಬೇಕು, ತರಬೇತಾದವರೇ ಹಾಕಬೇಕು, ಕೆಲಸ ಮುಗಿದ ಕೂಡಲೇ ತೆಗೆಯಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2009ರ ಮಾರ್ಗಸೂಚಿ ಹೇಳುತ್ತದೆ.

ಆದ್ದರಿಂದ ಮನವಿದಾರರ ಮೊದಲ ಬೇಡಿಕೆ: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಗಂಡು, ಹೆಣ್ಣು ಎರಡೂ ಬಗೆಯ ತರಬೇತಿ ಗೊಂಬೆಗಳಿರುವ ಕೋಣೆ ಬೇಕು. ಗೊಂಬೆಯ ಮೇಲೆ ಪಳಗಿ, ಅನುಭವಿಗಳ ಕಣ್ಣೆದುರು ರೋಗಿಗೆ ಹಾಕಿ ತೋರಿಸುವ ತನಕ ಯಾರನ್ನೂ ಈ ಕೆಲಸಕ್ಕೆ ಒಬ್ಬರನ್ನೇ ಬಿಡಬಾರದು.

ರಾತ್ರಿ ಪಾಳಿಯಲ್ಲಿ ಫೋನಿಗೆ ಸಿಗುವ ಒಬ್ಬ ಅನುಭವಿಯ ಹೆಸರು ಫಲಕದ ಮೇಲಿರಲಿ. ‘ನನಗೆ ಕೈ ನಡುಗುತ್ತಿದೆ, ಸಹಾಯ ಬೇಕು’ ಎಂದವರಿಗೆ ನೋಟಿಸ್ ಕೊಡುವುದು ನಿಲ್ಲಲಿ. ರೋಗಿಯನ್ನು ಕಾಪಾಡುವ ಮಾತು ಅದು. ಕೊಳವೆ ಹಾಕಿದ ದಿನಾಂಕವನ್ನು ಕೇಸ್ ಶೀಟಿನಲ್ಲಿ ಬರೆಯುವುದು ಕಡ್ಡಾಯವಾಗಲಿ. ಅಗತ್ಯ ಮುಗಿದ ಕೊಳವೆಯನ್ನು ವೈದ್ಯರ ರೌಂಡ್ಸ್‌ಗೆ ಕಾಯದೆ ತೆಗೆಯುವ ಅಧಿಕಾರವನ್ನು ಶುಶ್ರೂಷಾಧಿಕಾರಿಗಳಿಗೆ ಲಿಖಿತವಾಗಿ ಕೊಡಬೇಕು. ಮಂಚದ ಸುತ್ತ ಪರದೆಯೂ ಬೇಕು. ರೋಗಿಯ ಮಾನ ಉಳಿದರೆ ಮೈ ಸಡಿಲವಾಗುತ್ತದೆ, ಕೆಲಸವೂ ಸಲೀಸು.

ಮನವಿದಾರರಲ್ಲಿನ ಅನುಭವಿಗಳು ಕಿರಿಯರಿಗೆ ಕಲಿಸಲು ಸಿದ್ಧರಿದ್ದಾರೆ. ಅದಕ್ಕಾಗಿ ತಿಂಗಳಿಗೊಂದು ದಿನ, ರಜೆಯಿಂದ ಕಳೆಯದೆ, ಕರ್ತವ್ಯದ ವೇಳೆಯಲ್ಲೇ ಬಿಡುವು ಕೊಡುವಂತೆ ಕೋರುತ್ತಾರೆ.

ಇಂತಿ,
ಮನವಿದಾರರು