ಹಗರಣ ಹಳೆಯದು, ಸಾಕ್ಷಿಪೆಟ್ಟಿಗೆ ಹೊಸದು

1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದರು. ಆಗ ಮಾರ್ಥಾ ಮಿಚೆಲ್ ಕ್ಯಾಲಿಫೋರ್ನಿಯಾದಲ್ಲಿದ್ದರು. ಅವರ ಪತಿ ಜಾನ್ ಮಿಚೆಲ್ ಅಧ್ಯಕ್ಷ ರಿಚರ್ಡ್ ನಿಕ್ಸನ್‌ರ ಚುನಾವಣಾ ಪ್ರಚಾರ ಸಮಿತಿಯ ಮುಖ್ಯಸ್ಥ. ಬಂಧಿತರಲ್ಲೊಬ್ಬನಾದ ಜೇಮ್ಸ್ ಮೆಕಾರ್ಡ್ ಅದೇ ಸಮಿತಿಯ ಭದ್ರತಾ ಅಧಿಕಾರಿ. ಕೆಲ ದಿನಗಳ ಬಳಿಕ ಮಾರ್ಥಾ ಹೋಟೆಲ್ ಕೋಣೆಯಿಂದ ಪತ್ರಕರ್ತೆ ಹೆಲೆನ್ ಥಾಮಸ್ ಅವರಿಗೆ ದೂರವಾಣಿ ಮಾಡಿದರು. ಮಾತು ಮುಗಿಯುವ ಮೊದಲೇ ಕಾವಲುಗಾರ ತಂತಿಯನ್ನು ಕಿತ್ತುಹಾಕಿದ. ತಮ್ಮನ್ನು ಕೂಡಿಹಾಕಿ, ಬಲವಂತದಿಂದ ಚುಚ್ಚುಮದ್ದು ಕೊಡಿಸಲಾಯಿತೆಂದು ಆಕೆ ಹೇಳಿದಾಗ, ಈಕೆ ಕುಡುಕಿ, ಬುದ್ಧಿ ಸ್ಥಿಮಿತದಲ್ಲಿಲ್ಲದವಳು ಎಂಬ ಮಾತನ್ನು ನಿಕ್ಸನ್ ಬಳಗ ಹಬ್ಬಿಸಿತು. 1975ರಲ್ಲಿ ಮೆಕಾರ್ಡ್ ಆಕೆಯ ಮಾತು ನಿಜವೆಂದು ದೃಢಪಡಿಸಿದ. ಮರುವರ್ಷ ಮಾರ್ಥಾ ತೀರಿಕೊಂಡರು.

ಈ ಪ್ರಸಂಗವನ್ನು ವಾಟರ್‌ಗೇಟ್ ಕಥೆಯ ಅಂಚಿನಿಂದ ನಡುವಿಗೆ ತಂದದ್ದು 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ, ಸುಮಾರು 40 ನಿಮಿಷಗಳ ‘ದಿ ಮಾರ್ಥಾ ಮಿಚೆಲ್ ಎಫೆಕ್ಟ್’ ಸಾಕ್ಷ್ಯಚಿತ್ರ. ಆಸ್ಕರ್ ನಾಮನಿರ್ದೇಶನವನ್ನೂ ಪಡೆದ ಈ ಚಿತ್ರ ಹೊಸ ರಹಸ್ಯವನ್ನೇನೂ ಬಯಲಿಗೆಳೆದಿಲ್ಲ. ಆಕೆಯ ದೂರು ಅಂದೇ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಆದರೆ ಗಾಳಿಮಾತಿನ ಅಂಕಣದ ಸರಕಾಗಿ. ಅಮೆರಿಕದ ರಾಜಕೀಯ ಹಗರಣಗಳನ್ನು ಮರಳಿ ನೋಡುವ ಇತ್ತೀಚಿನ ಚಿತ್ರಗಳ ನಿಜವಾದ ಕೆಲಸ ಇಲ್ಲೇ ಇದೆ. ಅವು ಹುಡುಕುತ್ತಿರುವುದು ಹೊಸ ಸಾಕ್ಷ್ಯವನ್ನಲ್ಲ, ಅಂದು ಯಾರೂ ಕಿವಿಗೊಡದ ಸಾಕ್ಷಿಯನ್ನು.

ಮೋನಿಕಾ ಲೆವಿನ್‌ಸ್ಕಿ ಪ್ರಕರಣದಲ್ಲಿ ಇದು ಇನ್ನಷ್ಟು ಸ್ಪಷ್ಟ. 1998ರ ಜನವರಿಯಲ್ಲಿ ಸುದ್ದಿ ಸ್ಫೋಟಗೊಂಡಾಗ ದೇಶದ ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳಿಗೆಲ್ಲ ಆಕೆಯೇ ಆಹಾರ. ಅಧ್ಯಕ್ಷ ಬಿಲ್ ಕ್ಲಿಂಟನ್‌ರ ಮೇಲೆ ಅದೇ ಡಿಸೆಂಬರ್‌ನಲ್ಲಿ ಕೆಳಮನೆ ಮಹಾಭಿಯೋಗ ಹೊರಿಸಿತು. 1999ರ ಫೆಬ್ರವರಿಯಲ್ಲಿ ಸೆನೆಟ್ ದೋಷಮುಕ್ತಗೊಳಿಸಿತು. ಅಧ್ಯಕ್ಷರು ಅವಧಿ ಪೂರೈಸಿದರು, 21ರ ಹರೆಯದಲ್ಲಿ ಶ್ವೇತಭವನದ ತರಬೇತಿಗೆ ಬಂದಿದ್ದ ಯುವತಿ ಮಾತ್ರ ಎರಡು ದಶಕ ನಗೆಪಾಟಲಾಗಿಯೇ ಉಳಿದರು. 2018ರಲ್ಲಿ ಬ್ಲೇರ್ ಫಾಸ್ಟರ್ ನಿರ್ದೇಶನದ ‘ದಿ ಕ್ಲಿಂಟನ್ ಅಫೇರ್’ ಆರು ಭಾಗಗಳಲ್ಲಿ ಪ್ರಸಾರವಾದಾಗ ಕ್ಯಾಮೆರಾ ಎದುರು ಲೆವಿನ್‌ಸ್ಕಿ ತಾವೇ ದೀರ್ಘವಾಗಿ ಮಾತನಾಡಿದರು. ‘ಮೀ ಟೂ’ ಆಂದೋಲನಕ್ಕೆ ಆಗ ಒಂದು ವರ್ಷ. ಪ್ರೇಕ್ಷಕರು ಬದಲಾಗಿದ್ದರು, ಘಟನೆ ಬದಲಾಗಿರಲಿಲ್ಲ.

ಹಾಗೆಂದು ಈ ಚಿತ್ರಗಳನ್ನು ನ್ಯಾಯಾಲಯದ ತೀರ್ಪೆಂದು ಬಗೆಯುವುದು ಅವಸರವಾದೀತು. ಇಲ್ಲಿ ಪಾಟಿಸವಾಲು ಇಲ್ಲ. ಬಂದವರ ಮಾತು ನಿಲ್ಲುತ್ತದೆ, ಬಾರದವರ ಮಾತು ಬೀಳುತ್ತದೆ. 2020ರ ‘ಹಿಲರಿ’ ಸರಣಿಯಲ್ಲಿ ಅದೇ ಪ್ರಕರಣ ಪತ್ನಿಯ ನೋವಿನ ಅಧ್ಯಾಯವಾಯಿತು. ತಮ್ಮ ಆತಂಕಗಳನ್ನು ನಿಭಾಯಿಸಲು ಹಾಗೆ ನಡೆದುಕೊಂಡೆನೆಂದು ಬಿಲ್ ಕ್ಲಿಂಟನ್ ಅಲ್ಲಿ ವಿವರಣೆ ಕೊಟ್ಟರು. ಎರಡೇ ವರ್ಷಗಳ ಅಂತರದಲ್ಲಿ ಒಂದೇ ಘಟನೆಗೆ ಇಬ್ಬರು ಒಡೆಯರು! ಚಾರ್ಲ್ಸ್ ಫರ್ಗ್ಯುಸನ್‌ರ 2018ರ ‘ವಾಟರ್‌ಗೇಟ್’ ಕೂಡ, ಹಿಡಿತ ತಪ್ಪಿದ ಅಧ್ಯಕ್ಷನನ್ನು ತಡೆಯಲು ಕಲಿತ ಬಗೆ ಎಂಬರ್ಥದ ಉಪಶೀರ್ಷಿಕೆಯನ್ನು ಹೊತ್ತು ಬಂತು. ಹೇಳುತ್ತಿದ್ದುದು ನಿಕ್ಸನ್ ಕಥೆ, ಬೆರಳು ತೋರಿಸಿದ್ದು ಆಗ ಶ್ವೇತಭವನದಲ್ಲಿದ್ದ ಡೊನಾಲ್ಡ್ ಟ್ರಂಪ್‌ರ ಕಡೆಗೆ.

ಇಷ್ಟಾದರೂ ವಾಟರ್‌ಗೇಟ್ ಬಗ್ಗೆ ಮತ್ತೆ ಮತ್ತೆ ಚಿತ್ರ ತಯಾರಾಗುವುದೇಕೆ? ಉತ್ತರ ಸರಳ: ದಾಖಲೆ ಉಳಿದಿದೆ. ಶ್ವೇತಭವನದಲ್ಲಿ ಧ್ವನಿಮುದ್ರಣ ನಡೆಯುತ್ತಿದೆಯೆಂಬುದು 1973ರ ಜುಲೈನಲ್ಲಿ ಸೆನೆಟ್ ಸಮಿತಿಯೆದುರು ಬಯಲಾಯಿತು. ರಾಜೀನಾಮೆಯ ಬಳಿಕ ನಿಕ್ಸನ್‌ಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕ್ಷಮಾದಾನವೇನೋ ಕೊಟ್ಟರು. ಆದರೆ ಟೇಪುಗಳು ನಿಕ್ಸನ್ ಕೈಸೇರದಂತೆ 1974ರಲ್ಲೇ ಕಾಂಗ್ರೆಸ್ ಕಾನೂನು ಮಾಡಿತು. ಸುಮಾರು 3,700 ಗಂಟೆಗಳ ಆ ಮುದ್ರಣ ಸರ್ಕಾರಿ ಪತ್ರಾಗಾರದ ಸ್ವತ್ತಾಯಿತು. ನಿಕ್ಸನ್‌ರ ಮೂವರು ಆಪ್ತರು ತಮ್ಮ ಪುಟ್ಟ ಕ್ಯಾಮೆರಾಗಳಲ್ಲಿ ಹವ್ಯಾಸಕ್ಕೆಂದು ತೆಗೆದ ಚಿತ್ರಸುರುಳಿಗಳನ್ನು ಎಫ್‌ಬಿಐ ತನಿಖೆಯ ವೇಳೆ ವಶಪಡಿಸಿಕೊಂಡಿತ್ತು. ಅವನ್ನೇ ಆಧರಿಸಿ ಪೆನ್ನಿ ಲೇನ್ 2013ರಲ್ಲಿ ‘ಅವರ್ ನಿಕ್ಸನ್’ ಮಾಡಿದರು. ಜಪ್ತಿ ಮಾಡಿದ ಪೊಲೀಸರು ತಾವು ಚಿತ್ರೋದ್ಯಮಕ್ಕೆ ಸೇವೆ ಸಲ್ಲಿಸುತ್ತಿದ್ದೇವೆಂದು ಎಣಿಸಿರಲಾರರು.

ಇರಾನ್-ಕಾಂಟ್ರಾ ಪ್ರಕರಣದ ಗತಿ ಬೇರೆ. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ, ಬಂದ ಹಣದಲ್ಲಿ ನಿಕರಾಗುವದ ಬಂಡುಕೋರರಿಗೆ ನೆರವು ಕೊಟ್ಟ ಈ ಹಗರಣ, ಅಧಿಕಾರ ದುರ್ಬಳಕೆಯ ದೃಷ್ಟಿಯಿಂದ ವಾಟರ್‌ಗೇಟ್‌ಗಿಂತ ಹಗುರವೇನಲ್ಲ. ಆದರೆ ರೇಗನ್ ಆಡಳಿತದ ಆಲಿವರ್ ನಾರ್ತ್ ಕಾಗದಗಳನ್ನು ಚೂರುಮಾಡಿದ್ದರು. 1987ರ ವಿಚಾರಣೆಯ ನೇರ ಪ್ರಸಾರ ಸಮವಸ್ತ್ರದಲ್ಲಿದ್ದ ಆತನನ್ನು ಅನೇಕರ ಕಣ್ಣಿಗೆ ವೀರನನ್ನಾಗಿಸಿತು. ಮಾಜಿ ರಕ್ಷಣಾ ಸಚಿವ ಕ್ಯಾಸ್ಪರ್ ವೈನ್‌ಬರ್ಗರ್ ಸೇರಿದಂತೆ ಆರು ಮಂದಿಗೆ 1992ರ ಕ್ರಿಸ್‌ಮಸ್ ಮುನ್ನಾದಿನ ಹಿರಿಯ ಬುಷ್ ಕ್ಷಮೆ ನೀಡಿದ್ದರಿಂದ ವೈನ್‌ಬರ್ಗರ್ ವಿಚಾರಣೆ ಆರಂಭವಾಗಲೇ ಇಲ್ಲ. ಸಾಕ್ಷಿಗಳ ಸವಾಲು-ಜವಾಬಿನಿಂದ ಹುಟ್ಟಬೇಕಿದ್ದ ದಾಖಲೆ ಹುಟ್ಟಲಿಲ್ಲ. ಇಂದಿಗೂ ಈ ಪ್ರಕರಣಕ್ಕೆ ವಾಟರ್‌ಗೇಟ್‌ನಂಥ ಚಿತ್ರಪರಂಪರೆ ಇಲ್ಲದಿರುವುದು ಆಕಸ್ಮಿಕವಲ್ಲ.

ನಿಕ್ಸನ್‌ಗೆ ಒದಗಿದ ಗತಿ ಕಂಡ ಮೇಲೆ ಯಾವ ಅಧ್ಯಕ್ಷರೂ ಅಂಥ ಧ್ವನಿಮುದ್ರಣ ವ್ಯವಸ್ಥೆ ಇರಿಸಿಕೊಳ್ಳಲಿಲ್ಲ. ಮುಂದಿನ ಚಿತ್ರಗಳಿಗೆ ಕಚ್ಚಾವಸ್ತು ಎಲ್ಲಿಂದ ಬರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಯ ತನಿಖೆಗೆ ಕೆಳಮನೆ ನೇಮಿಸಿದ ಸಮಿತಿ, ವರದಿಯ ಮಾತು ಜನರಿಗೆ ತಲುಪದೆಂದು ಅರಿತು, ಎಬಿಸಿ ನ್ಯೂಸ್‌ನ ಮಾಜಿ ಅಧ್ಯಕ್ಷ ಜೇಮ್ಸ್ ಗೋಲ್ಡ್‌ಸ್ಟನ್ ಅವರ ನೆರವು ಪಡೆಯಿತು. 2022ರ ಜೂನ್ 9ರ ರಾತ್ರಿಯ ಮೊದಲ ಕಲಾಪವನ್ನು ದೂರದರ್ಶನ ವಾಹಿನಿಗಳಲ್ಲಿ ಸುಮಾರು ಎರಡು ಕೋಟಿ ಜನ ನೋಡಿದರು. ಸಾಕ್ಷ್ಯಚಿತ್ರದ ಜೋಡಣೆ ಹೀಗೆ ತನಿಖೆಯ ಒಳಗೇ ಪ್ರವೇಶಿಸಿತು. ಅದರ ಮರುತಿಂಗಳೇ ಮತ್ತೊಂದು ಸುದ್ದಿ ಹೊರಬಿತ್ತು: ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್‌ನ ಸಿಬ್ಬಂದಿ ದಾಳಿಯ ದಿನ ಮತ್ತು ಅದರ ಹಿಂದಿನ ದಿನ ಮೊಬೈಲ್‌ಗಳಲ್ಲಿ ಕಳುಹಿಸಿದ್ದ ಸಂದೇಶಗಳು ಉಪಕರಣ ಬದಲಾಯಿಸುವಾಗ ಅಳಿಸಿಹೋಗಿದ್ದವು.