ಸಂದೇಹಕ್ಕೂ ಪಾಠಯೋಜನೆಯಲ್ಲಿ ಜಾಗವಿರಲಿ

ಬೋಧನಾಭ್ಯಾಸದಲ್ಲಿ ಪ್ರಶ್ನೆ ಕೇಳುವ ಕೌಶಲಕ್ಕೆ ನಾವು ಬಹಳ ಮಹತ್ವ ಕೊಡುತ್ತೇವೆ. ವಿದ್ಯಾರ್ಥಿಯೇ ಎತ್ತುವ ಸಂದೇಹವನ್ನು ಎದುರುಗೊಳ್ಳುವ ಕೌಶಲಕ್ಕೆ ಅಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೇಕೆ ಮುಖ್ಯ ಎಂಬುದನ್ನು ಶಾಲೆಯ ಹೊರಗಿನ ಒಂದು ಉದಾಹರಣೆಯಿಂದ ಹೇಳುತ್ತೇನೆ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ಮಾರ್ಮನ್ ಚರ್ಚ್, ಹದಿಹರೆಯದವರಿಗೆ 'ಸೆಮಿನರಿ' ಎಂಬ ಧಾರ್ಮಿಕ ತರಗತಿಗಳನ್ನು ನಡೆಸುತ್ತದೆ. ಸ್ಥಾಪಕ ಜೋಸೆಫ್ ಸ್ಮಿತ್ ಅವರ ಬಹುಪತ್ನಿತ್ವ, ಆಫ್ರಿಕನ್ ಮೂಲದ ಪುರುಷರಿಗೆ 1978ರವರೆಗೆ ಇದ್ದ ಪೌರೋಹಿತ್ಯ ನಿಷೇಧ ಮುಂತಾದವು ಬಹುಕಾಲ ಪಾಠದ ಅಂಚಿನಲ್ಲೇ ಉಳಿದಿದ್ದವು. ಇಂಟರ್ನೆಟ್ ಬಂದ ಮೇಲೆ ಅನೇಕ ಸದಸ್ಯರು ಅವನ್ನು ಮೊದಲು ಹೊರಗಿನವರಿಂದ ತಿಳಿದರು. ಆ ಸಂಗತಿಗಳಷ್ಟೇ ಅವರನ್ನು ಕದಡಿದ್ದು, 'ನಮ್ಮವರು ಇದನ್ನೇಕೆ ಹೇಳಲಿಲ್ಲ' ಎಂಬ ಪ್ರಶ್ನೆ.

2013ರಿಂದ 2015ರ ನಡುವೆ ಚರ್ಚ್ ಈ ವಿಷಯಗಳ ಮೇಲೆ ಅಡಿಟಿಪ್ಪಣಿಸಹಿತ ಲೇಖನಗಳನ್ನು ತನ್ನ ಜಾಲತಾಣದಲ್ಲೇ ಪ್ರಕಟಿಸಿತು. 2016ರ ಫೆಬ್ರವರಿಯಲ್ಲಿ ಹಿರಿಯ ನಾಯಕ ಎಂ. ರಸೆಲ್ ಬ್ಯಾಲರ್ಡ್ ಧಾರ್ಮಿಕ ಶಿಕ್ಷಕರಿಗೆ ಹೇಳಿದ್ದರ ಸಾರವಿಷ್ಟು: ಪ್ರಾಮಾಣಿಕ ಪ್ರಶ್ನೆಯನ್ನು ತಳ್ಳಿಹಾಕುವ ಕಾಲ ಮುಗಿಯಿತು, ಈ ಲೇಖನಗಳು ನಿಮಗೆ ಕರತಲಾಮಲಕವಾಗಿರಲಿ, ಉತ್ತರ ತಿಳಿಯದಿದ್ದರೆ ಬಲ್ಲವರನ್ನು ಕೇಳಿ.

ಸಾಮಗ್ರಿ ಅಂತರ್ಜಾಲದಲ್ಲಿದ್ದರೆ ಸಾಲದು, ಶಿಕ್ಷಕರು ಅದನ್ನು ಮೊದಲೇ ಓದಿರಬೇಕು ಎಂಬುದೇ ಇಲ್ಲಿ ನಮಗಿರುವ ಪಾಠ. ಜೀವವಿಕಾಸದ ಪಾಠದ ನಡುವೆ ಒಬ್ಬ ಹುಡುಗಿ ಎದ್ದು, "ಹಾಗಾದ್ರೆ ನಮ್ಮ ಅಜ್ಜಿ ಹೇಳೋ ಸೃಷ್ಟಿಕಥೆ ಸುಳ್ಳಾ ಮಿಸ್?" ಎಂದು ಕೇಳಬಹುದು. "ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ" ಎಂದರೆ ಅವಳ ಬಾಯಿ ಮುಚ್ಚುತ್ತದೆ, ಸಂದೇಹ ಉಳಿಯುತ್ತದೆ. "ಯೂಟ್ಯೂಬ್‌ನಲ್ಲಿ ನೋಡ್ಕೋ" ಎಂದರೂ ಅಷ್ಟೇ. ಮುಂದಿನ ಸಲ ಅವಳು ನಮ್ಮನ್ನು ಕೇಳುವುದೇ ಇಲ್ಲ.

ಆದರೆ ಚರ್ಚನ್ನು ಪೂರ್ತಿ ಅನುಸರಿಸಲಾಗದು. ನಂಬಿಕೆಯನ್ನು ಉಳಿಸುವುದು ಅದರ ಗುರಿ. ಉತ್ತರ ಎತ್ತ ಸಾಗಬೇಕೆಂಬುದು ಅಲ್ಲಿ ಮೊದಲೇ ನಿಶ್ಚಿತ. ನಮ್ಮ ಸಂವಿಧಾನದ 28ನೇ ವಿಧಿಯಂತೆ, ಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ; 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವೆನ್ನುತ್ತದೆ. ಹಾಗಾಗಿ ಆ ಹುಡುಗಿಗೆ ಪುರಾವೆ ಏನು ಹೇಳುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅಜ್ಜಿಯ ಕಥೆಯನ್ನು ಗೇಲಿ ಮಾಡಲೂ ಬಾರದು. ಇವೆರಡನ್ನೂ ಒಂದೇ ಉಸಿರಿನಲ್ಲಿ ನಿಭಾಯಿಸುವುದು ಸುಲಭವಲ್ಲ. ಅದಕ್ಕೇ ಅಭ್ಯಾಸ ಬೇಕು.

ನನ್ನ ಸಲಹೆ ಚಿಕ್ಕದು. ಪ್ರಶಿಕ್ಷಣಾರ್ಥಿಗಳು ಪ್ರತಿ ಪಾಠಯೋಜನೆಯಲ್ಲೂ ಮಕ್ಕಳಿಗೆ ಬರಬಹುದಾದ ಒಂದು ಕಠಿಣ ಸಂದೇಹವನ್ನೂ, ಅದಕ್ಕಾಗಿ ತಾವು ಓದಿದ್ದನ್ನೂ ಬರೆಯಲಿ. ಮಾರ್ಗದರ್ಶಕರು ಪಾಠ ವೀಕ್ಷಿಸುವಾಗ ಅದಕ್ಕೂ ಅಂಕ ಕೊಡಲಿ. "ನನಗೆ ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ" ಎಂದು ಹೇಳಿ, ಮರುದಿನ ನಿಜಕ್ಕೂ ನೋಡಿಕೊಂಡು ಬಂದ ಪ್ರಶಿಕ್ಷಣಾರ್ಥಿಗೆ ಪೂರ್ಣ ಅಂಕವೇ ಸಿಗಲಿ.