ಊರಿಗೊಂದು ಚಿತ್ರಶಾಲೆ

ದಾವಣಗೆರೆಯು ಹತ್ತಿಗಿರಣಿಗಳಿಂದ ಹೆಸರಾದ ಊರೆಂಬುದನ್ನು ನಾಡೆಲ್ಲ ಬಲ್ಲದು. ಅದು ಚಿತ್ರಕಾರರ ಊರೂ ಹೌದೆಂಬುದನ್ನು ಊರಿನವರೇ ಮರೆತಿರುವರು. 1964ರಲ್ಲಿ ಇಲ್ಲಿ ಸ್ಥಾಪಿತವಾದ ಕಲಾಶಾಲೆಯು ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಅಲ್ಲಿ ಕುಂಚವನ್ನೂ ಉಳಿಯನ್ನೂ ಹಿಡಿಯಲು ಕಲಿತ ತರುಣರು ವರ್ಷವರ್ಷವೂ ಹೊರಬರುತ್ತಿದ್ದಾರೆ. ಆದರೆ ಅವರ ಕೃತಿಗಳು ವಿದ್ಯಾಲಯದ ಗೋಡೆಗಳನ್ನು ದಾಟಿ ಪೇಟೆಯ ಜನರ ಕಣ್ಣಿಗೆ ಬೀಳುವುದು ವಿರಳ.

ಹರಿಹರದಲ್ಲಿ ಹೀಗಿರಲಿಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಶಿಲ್ಪಿಯ ಕೆಲಸವನ್ನು ಸಂತೆಗೆ ಬಂದ ರೈತನೂ ಕಾಣಬಲ್ಲನು. ಜನರು ನಡೆದಾಡುವಲ್ಲಿಯೇ ಕಲೆ ನಿಂತಿತು, ಆದುದರಿಂದಲೇ ಜನರದಾಯಿತು.

ಇಂದಿನ ಚಿತ್ರಕಾರನಿಗೂ ಅಂತಹ ನೆಲೆ ಬೇಕು. ನಾಲ್ಕಾರು ಮಂದಿ ಕೂಡಿ ಪ್ರದರ್ಶನ ನಡೆಸಿದರೆ ವೆಚ್ಚ ಹಂಚಿಹೋಗುವುದು. ನೋಡುವವನಿಗೂ ಹೋಲಿಸಿ ಅರಿಯುವ ಅವಕಾಶ ದೊರೆಯುವುದು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಯತ್ನವನ್ನು 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಸಾರ್ವಜನಿಕ ಗೋಡೆಯ ಬೆಲೆ ಅವರಿಗೆ ತಿಳಿದಿತ್ತು.

ಮಹಾನಗರಪಾಲಿಕೆಯು ಪೇಟೆಯ ಸಮೀಪದಲ್ಲಿ ಒಂದು ಚಿತ್ರಶಾಲೆಯನ್ನು ಏರ್ಪಡಿಸಲಿ. ಬಾಡಿಗೆ ಅಲ್ಪವಾಗಿರಲಿ, ದುಡಿಯುವವರಿಗೆ ಬಿಡುವಾಗುವ ಸಂಜೆಯಲ್ಲಿಯೂ ಭಾನುವಾರದಲ್ಲಿಯೂ ಬಾಗಿಲು ತೆರೆದಿರಲಿ. ವರ್ತಕ ಮಹನೀಯರಲ್ಲಿ ನಮ್ಮ ವಿನಂತಿಯೊಂದುಂಟು: ಮದುವೆಯ ಮಂಟಪಕ್ಕೆ ಒಂದೇ ದಿನದಲ್ಲಿ ವ್ಯಯವಾಗುವ ಹಣದಲ್ಲಿ ಅಲ್ಪಾಂಶವನ್ನು ತೆಗೆದಿರಿಸಿ ವರ್ಷಕ್ಕೊಂದು ಚಿತ್ರವನ್ನಾದರೂ ಕೊಳ್ಳಿರಿ. ಬರಿಯ ಹೊಗಳಿಕೆಯಿಂದ ಯಾವ ಚಿತ್ರಕಾರನೂ ಬಣ್ಣ ಕೊಳ್ಳಲಾರನು.